ಏಳನೆಯ ಕುದುರೆಯ ಜೀನು

"ಈ ಚಿತ್ರ ಬರೆದೋರು ಯಾರು?" ಎಂದು ಕೇಳಿದ ಕಮ್ಷಾತ್ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

ಹಳೆಯ ಸಮಾಧಿ ಅಗೆಯುವವರ ಡೇರೆಯಲ್ಲಿದ್ದವರೆಲ್ಲ ಒಬ್ಬನ ಕಡೆ ತಿರುಗಿದರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಎತ್ತರದ ಗಂಡಸು ಎದ್ದು ನಿಂತ.

"ನಾನೇ. ಏನಾಗಿದೆ ಅದಕ್ಕೆ?"

"ಏನಿಲ್ಲ. ಗಂಟಲಿಗೆ ಕಟ್ಟೋ ಪಟ್ಟಿನ ಮೂಗಿನ ಮೇಲೆ ಬಿಗಿದಿದೀರಿ, ಅಷ್ಟೆ. ಕುದುರೆ ಉಸಿರು ಕಟ್ಟಿ ಸಾಯುತ್ತೆ."

"ಅದು ಸತ್ತು ಎರಡು ಸಾವಿರದ ಮುನ್ನೂರು ವರ್ಷ ಆಯ್ತು."

"ಹಾಗಂತ ಇನ್ನೊಂದು ಸಲ ಸಾಯಿಸ್ಬೇಕಾ?"

ಡೇರೆ ತುಂಬ ನಗು. ಅವನು ಮಾತ್ರ ನಗಲಿಲ್ಲ. ಪೆನ್ಸಿಲ್ ತೆಗೆದು ಅವಳ ಮುಂದೆ ಹಿಡಿದ. "ತಿದ್ದಿ."

ಚರ್ಮಕ್ಕೆ ತೂತು ಹಾಕುವ ದಬ್ಬಳ ಬಿಟ್ಟು ಪೆನ್ಸಿಲ್ ಹಿಡಿದು ಅವಳಿಗೆ ಎಷ್ಟೋ ವರ್ಷವಾಗಿತ್ತು. ಆದರೆ ಸೋಲೊಪ್ಪಿಕೊಳ್ಳುವ ಜಾತಿಯಲ್ಲ. ಚೀಲದಿಂದ ಒಂದು ಚರ್ಮದ ಪಟ್ಟಿ ಎಳೆದು, "ಸ್ವಲ್ಪ ಬಗ್ಗಿ" ಎಂದಳು. ಆ ಪುಣ್ಯಾತ್ಮ ಬಗ್ಗಿಯೇ ಬಿಟ್ಟ. "ಇದು ಕೆನ್ನೆ ಮೇಲೆ. ಇಲ್ಲಿ ಕಿವಿ ಹಿಂದೆ. ಗಂಟಲ ಹತ್ರ ನಾಲ್ಕು ಬೆರಳು ಸಡಿಲ ಬಿಡ್ಬೇಕು..." ನಾಲ್ಕು ಬೆರಳು ಅಳೆಯಲು ಹೋದ ಕೈ ಅವನ ಗಂಟಲ ಬಳಿ ತಟ್ಟನೆ ನಿಂತಿತು. ಯಾರೋ ಪರಗಂಡಸಿನ ಮುಖಕ್ಕೆ ತಾನು ಲಗಾಮು ಹಾಕುತ್ತಿದ್ದೇನೆ ಎನ್ನುವುದು ಅವಳಿಗೆ ಆಗ ಹೊಳೆದದ್ದು.

"ಅರ್ಥ ಆಯ್ತು" ಎಂದ ಅವನು, ಹಾಗೇ ಬಗ್ಗಿಕೊಂಡೇ. ಅವನ ಕಣ್ಣಿನಲ್ಲಿ ಈಗ ನಗು ಇತ್ತು. "ಕುದುರೆಗೆ ಹೇಗನ್ಸುತ್ತೆ ಅನ್ನೋದೂ ಅರ್ಥ ಆಯ್ತು."

ಅವನ ಹೆಸರು ಎಸಿಮ್. ಒಸ್ಕೆಮೆನ್ ನಗರದವನು, ಅಗೆದು ತೆಗೆದದ್ದರ ಚಿತ್ರ ಬರೆದು, ಒಡೆದದ್ದನ್ನು ಜೋಡಿಸುವವನು.

ಕಮ್ಷಾತ್ ಬುಖ್ತರ್ಮಾ ಕಣಿವೆಯ ಹಳ್ಳಿಯಲ್ಲಿ ಜೀನು ಹೊಲಿಯುವವಳು. ಅಪ್ಪನಿಂದ ಕಲಿತ ಕೆಲಸ. ಹಳ್ಳಿಯಾಚೆ ಸಾಲಾಗಿರುವ ಕಲ್ಲಿನ ದಿಬ್ಬಗಳನ್ನು ಹುಟ್ಟಿದಾಗಿನಿಂದ ನೋಡಿದ್ದಳು. ಅಲ್ಲಿ ಶಕರ ರಾಜರು ಮಲಗಿದ್ದಾರೆ, ಪುಸ್ತಕದವರು ಸಿಥಿಯನ್ನರು ಎನ್ನುವ ಆ ಕುದುರೆಯ ಜನ, ಎಂಬುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಕಲ್ಲಿನ ಅಡಿಯ ನೆಲ ಬೇಸಿಗೆಯಲ್ಲೂ ಕರಗದೆ, ರಾಜನ ಹದಿಮೂರು ಕುದುರೆಗಳನ್ನು ಚರ್ಮ, ಕೂದಲು ಸಮೇತ ಕಾಪಾಡಿಕೊಂಡಿದೆಯೆಂದು ಯಾರು ಕಂಡಿದ್ದರು? ಆ ಕಾಲದ ಕಳ್ಳರು ಸುರಂಗ ಕೊರೆದು ರಾಜನ ಪೆಟ್ಟಿಗೆಯನ್ನು ಬರಿದು ಮಾಡಿ ಹೋಗಿದ್ದರು. ಕುದುರೆಗಳ ಕಡೆ ತಿರುಗಿಯೂ ನೋಡಿರಲಿಲ್ಲ. ಎಂಥ ಪೆದ್ದರು! ಉಳಿದ ಬಂಗಾರವೆಲ್ಲ ಕುದುರೆಗಳ ಮೈಮೇಲೇ ಇತ್ತು.

ಯಾವ ಪಟ್ಟಿ ಎಲ್ಲಿಗೆ ಸೇರುತ್ತದೆಂದು ಓದಿದವರಿಗೆ ತಿಳಿಯದೆ, ಹಳ್ಳಿಯ ಜೀನುಗಾತಿಯನ್ನು ಕರೆಸಿದ್ದರು.

ಮೊದಲ ಸಲ ಗುಂಡಿಗೆ ಇಳಿದಾಗ ಕಮ್ಷಾತ್ ಏಣಿಯ ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟಳು. ಭೂರ್ಜ ಮರದ ತೊಗಟೆಯ ಹಾಸಿನ ಮೇಲೆ, ಮಂಜುಗಡ್ಡೆಯೊಳಗೆ, ಕುದುರೆಗಳು ಕಾಲು ಮಡಚಿ ಒತ್ತೊತ್ತಾಗಿ ಮಲಗಿದ್ದವು. ಎಸಿಮ್ ಲೋಟದಿಂದ ಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಿದ್ದ. ಮಂಜು ಕರಗಿದಂತೆ ಒಂದು ಕೆಂಗಂದು ಕತ್ತು ಹೊರಬಂತು. ಆಮೇಲೆ ಕಣ್ಣಿನ ರೆಪ್ಪೆಗೂದಲು, ಒಂದೊಂದೂ ಬಿಡಿಬಿಡಿಯಾಗಿ. ಆಮೇಲೆ ಹಣೆಯ ಮೇಲೆ, ಮರದಲ್ಲಿ ಕೆತ್ತಿ ಬಂಗಾರದ ತಗಡು ಹೊದಿಸಿದ ಹದ್ದಿನ ಮುಖದ ಸಿಂಹ. ಮೇಲಿನಿಂದ ಬಿಸಿಲು ಬಿದ್ದದ್ದೇ ತಡ, ಗುಂಡಿಯ ಗೋಡೆಯೆಲ್ಲ ಹಳದಿಯಾಯಿತು.

ಅವಳಿಗೆ ಗೊತ್ತಿಲ್ಲದಂತೆಯೇ ಅವಳ ಕೈ ಆ ಕತ್ತನ್ನು ಸವರಿತು. ಹೆದರಿದ ಕುದುರೆಗೆ ಹೇಳುವಂತೆ, "ಏನಿಲ್ಲಪ್ಪ, ಏನಿಲ್ಲ" ಎಂದಳು.

ಎಸಿಮ್ ಲೋಟ ಹಿಡಿದುಕೊಂಡು ಅವಳನ್ನೇ ನೋಡುತ್ತ ಕುಳಿತಿದ್ದ. ನೀರು ಅವನ ಬೂಟಿನ ಮೇಲೆ ಸುರಿಯುತ್ತಿತ್ತು.

"ನೀರು" ಎಂದಳು ಅವಳು.

"ಹಾಂ?"

"ಬೂಟು ಕರಗಲ್ಲ, ಚಿತ್ರದವರೇ. ಕುದುರೆ ಮೇಲೆ ಹಾಕಿ."

ಹೀಗೆ ಮೂರು ವಾರ ಕಳೆಯಿತು. ಅವಳು ಹೇಳುವಳು, ಅವನು ಬರೆಯುವನು. ಅವಳು ತಪ್ಪು ಹುಡುಕುವಳು, ಅವನು ಅಳಿಸುವನು. ಕೆಲವೊಮ್ಮೆ ಬೇಕಂತಲೇ ತಪ್ಪು ಬರೆದಿಟ್ಟಿರುತ್ತಾನೆ ಎಂಬ ಅನುಮಾನ ಅವಳಿಗೆ ಬಂತು. ಬಾಲದ ಪಟ್ಟಿಯನ್ನು ಕುದುರೆಯ ಕಿವಿಗೆ ಸುತ್ತಿದ ದಿನ ಅನುಮಾನ ಖಾತ್ರಿಯಾಯಿತು. ಚಹಾದ ಹೊತ್ತಿಗೆ ಅವಳು ಮನೆಯಿಂದ ತಂದ ಒಣಗಿಸಿದ ಗಿಣ್ಣನ್ನು ಅವನು ಕಡಿಯಲಾರದೆ ಒದ್ದಾಡುತ್ತಿದ್ದರೆ, "ನಗರದ ಹಲ್ಲು, ಪಾಪ" ಎಂದು ಅಣಕಿಸುತ್ತಿದ್ದಳು. ನಾಲ್ಕು ವರ್ಷದಿಂದ ತಾನು ಹೀಗೆ ನಕ್ಕಿರಲಿಲ್ಲ ಎಂಬುದು ಅವಳಿಗೆ ಮನೆಯ ದಾರಿಯಲ್ಲಿ ನೆನಪಾಗುತ್ತಿತ್ತು. ನೆನಪಾದ ಕೂಡಲೇ ಹೆಜ್ಜೆ ಭಾರವಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಅವಳ ಗಂಡ ಸಾಯನ್ ಕುದುರೆಗಳನ್ನು ಕಣಿವೆಯಾಚೆ ಹೊಡೆದುಕೊಂಡು ಹೋದವನು ಹಿಮಕುಸಿತಕ್ಕೆ ಸಿಕ್ಕಿ ಸತ್ತಿದ್ದ. ಮನೆಯಲ್ಲಿ ಉಳಿದವರು ಇಬ್ಬರೇ, ಅವಳು ಮತ್ತು ಅತ್ತೆ ಬಾತಿಮಾ.

ಮೂರು ವಾರ ತುಂಬಿದ ಸಂಜೆ ಬಾತಿಮಾ ಹಿಟ್ಟು ನಾದುತ್ತ ಕೇಳಿದಳು, "ದಿನಾ ಚಿತ್ರದವರು, ಚಿತ್ರದವರು ಅಂತೀಯಲ್ಲ. ಅವನಿಗೆ ಹೆಸರಿಲ್ವಾ?"

"ಇದೆ."

"ಏನು?"

ಕಮ್ಷಾತ್ ಬಾಯಿ ತೆರೆದಳು. ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಮೂರು ವಾರದಲ್ಲಿ ತಂಡದ ಹನ್ನೊಂದು ಜನರನ್ನೂ ಹೆಸರು ಹಿಡಿದು ಕರೆದಿದ್ದಳು. ಅವನೊಬ್ಬನನ್ನು ಬಿಟ್ಟು.

ಬಾತಿಮಾಳ ಕೈ ಹಿಟ್ಟಿನಲ್ಲೇ ನಿಂತಿತು. ಆ ಊರಿನಲ್ಲಿ ಹೆಂಗಸು ಹೆಸರು ಹಿಡಿದು ಕರೆಯದಿರುವುದು ಗಂಡನನ್ನು, ಗಂಡನ ಕಡೆಯವರನ್ನು.

"ನನ್ನ ಮಗನ ಹೆಸರೂ ನೀನು ಹೇಳ್ತಿರ್ಲಿಲ್ಲ" ಎಂದಳು ಮುದುಕಿ. ಗದರಲಿಲ್ಲ, ಅಳಲಿಲ್ಲ. ಹಿಟ್ಟಿನ ಮೇಲೆ ಬಟ್ಟೆ ಮುಚ್ಚಿ ಎದ್ದು ಹೋದಳು.

 ಮಾರನೆಯ ದಿನ ಕಮ್ಷಾತ್ ಗುಂಡಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಹೋಗಲಿಲ್ಲ. ಗುರುವಾರ ಮಂಜು ಕರಗದಂತೆ ತಂಪಾಗಿಡುವ ಲಾರಿ ಬಂದು ಕುದುರೆಗಳನ್ನೂ ಬಂಗಾರವನ್ನೂ ಒಸ್ಕೆಮೆನ್‌ಗೆ ಒಯ್ಯುತ್ತದೆ, ಅವನೂ ಅದರಲ್ಲೇ ಹೋಗುತ್ತಾನೆ ಎಂದು ಗೊತ್ತಿತ್ತು. ಹೋಗಲಿ, ಒಳ್ಳೆಯದೇ ಆಯಿತು ಎಂದುಕೊಂಡಳು. ಹಾಗೆಂದುಕೊಂಡು ಒಂದೇ ಹೊಲಿಗೆಯನ್ನು ಮೂರು ಸಲ ಬಿಚ್ಚಿದಳು.

ಬುಧವಾರ ಬೆಳಿಗ್ಗೆ ಅವನೇ ಅಂಗಳಕ್ಕೆ ಬಂದು ನಿಂತ.

"ಹುಷಾರಿಲ್ವಾ?"

"ಇದೀನಿ."

"ನನ್ನ ಮೇಲೆ ಸಿಟ್ಟಾ?"

"ನಿಮ್ಮ ಮೇಲೆ ಯಾಕೆ ಸಿಟ್ಟು? ನೀವೇನು ನನ್ನ..." ಎಂದು ಶುರು ಮಾಡಿದವಳು ಅಲ್ಲಿಗೇ ಬಾಯಿ ಮುಚ್ಚಿಕೊಂಡಳು.

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದ, "ಏಳನೇ ಕುದುರೆ ಜೀನು ಮೇಲೆ ಬಂದಿದೆ. ಕೆಂಪು ಬಣ್ಣ ಹಾಗೇ ಇದೆ. ಮಡಿಕೆ ಬಿಚ್ಚೋಕೆ ಯಾರಿಗೂ ಧೈರ್ಯ ಇಲ್ಲ. ನೀವು ಬರದಿದ್ರೆ ಹಾಗೇ ಕಟ್ಟಿ ಲಾರಿಗೆ ಹಾಕ್ತಾರೆ, ಹಾದೀಲಿ ಹರಿದರೂ ಹರೀಬಹುದು."

ಒಳಗಿನಿಂದ ಬಾತಿಮಾಳ ದನಿ ಬಂತು. "ಹೋಗು. ಜೀನು ಹಾಳಾಗ್ಬಾರ್ದು."

ಡೇರೆಯ ಮೇಜಿನ ಮೇಲೆ ಅದು ಇತ್ತು. ಉಣ್ಣೆಯ ಕಂಬಳಿಯಿಂದ ಮಾಡಿದ ಮೆತ್ತನೆಯ ಜೀನು, ಅಂಚಿಗೆ ಓಡುವ ಜಿಂಕೆಗಳು, ಜಿಂಕೆಯ ಕೊಂಬಿನ ತುದಿಗೆ ಬಂಗಾರದ ಚುಕ್ಕಿ. ನಿನ್ನೆ ಹೊಲಿದು ಮುಗಿಸಿದಂತಿತ್ತು. ಡೇರೆಯಲ್ಲಿ ಯಾರೂ ಗಟ್ಟಿಯಾಗಿ ಉಸಿರಾಡುತ್ತಿರಲಿಲ್ಲ. ಕಮ್ಷಾತ್ ಒದ್ದೆ ಬೆರಳಿನಿಂದ ಮಡಿಕೆಯನ್ನು ಕೂದಲೆಳೆಯಷ್ಟೇ ಎತ್ತುತ್ತ, ಬಿಡುತ್ತ, ಮತ್ತೆ ಎತ್ತುತ್ತ ಹೋದಳು. ಒಂದು ಗಂಟೆಯಾಯಿತು. ಒಳಮೈ ತೆರೆದುಕೊಂಡಿತು.

ಅಲ್ಲೊಂದು ಹೊಲಿಗೆ ಇತ್ತು. ಯಾರ ಕಣ್ಣಿಗೂ ಬೀಳಬಾರದೆಂದೇ ಮಡಿಕೆಯ ಅಡಿಯಲ್ಲಿ ಹಾಕಿದ ಹೊಲಿಗೆ. ದಾರದ ಜೊತೆ ಹೊಸೆದುಕೊಂಡು ಇನ್ನೇನೋ ಕಪ್ಪಗೆ ಹೊಳೆಯುತ್ತಿತ್ತು.

ಎಸಿಮ್ ಭೂತಗನ್ನಡಿ ಹಿಡಿದ. "ಕುದುರೆ ಕೂದಲು ಇರ್ಬೇಕು."

"ಅಲ್ಲ" ಎಂದಳು ಕಮ್ಷಾತ್. "ಕುದುರೆದು ಇದಕ್ಕಿಂತ ದಪ್ಪ. ಇದು ಹೆಂಗಸಿನ ತಲೆಗೂದಲು."

ಅವಳ ದನಿ ಕೇಳಿ ಅವನು ಕನ್ನಡಿ ಕೆಳಗಿಟ್ಟ. ಉಳಿದವರಿಗೆ ಕಣ್ಣಲ್ಲೇ ಹೊರಗೆ ಹೋಗಲು ಹೇಳಿದ. ಅವರೂ ಹೋದರು, ಅಗೆಯುವವರಾದರೂ ಅಷ್ಟು ತಿಳಿದವರು.

"ನಮ್ಮ ತವರಿನ ಪದ್ಧತಿ" ಎಂದಳು ಅವಳು. "ಗಂಡನ ಜೀನಿನ ಒಳಹೊಲಿಗೆಗೆ ಹೆಂಡತಿ ತನ್ನದೊಂದು ಎಳೆ ಕೂದಲು ಸೇರಿಸಿ ಹೊಲೀಬೇಕು. ಎಲ್ಲಿ ಹೋದರೂ ಮನೆಗೆ ವಾಪಸ್ ಬರ್ತಾನೆ ಅಂತ. ನನ್ನ ಅಜ್ಜಿ ಹಾಕಿದ್ದಳು, ಅಮ್ಮ ಹಾಕಿದ್ದಳು. ಅವರ ಗಂಡಂದಿರು ಬಂದ್ರು. ನಾನೂ ಹಾಕಿದ್ದೆ. ಅವರು ಬರಲಿಲ್ಲ." ಒದ್ದೆ ಬೆರಳನ್ನು ಒರೆಸಿಕೊಂಡಳು. "ನನ್ನ ಕೈಗುಣವೇ ಸರಿಯಿಲ್ಲ. ನಾಲ್ಕು ವರ್ಷದಿಂದ ಅದನ್ನೇ ಅಂದ್ಕೊಂಡಿದೀನಿ. ನಾನು ಯಾರನ್ನ ಬಾ ಅಂದರೂ ಅವರು ಬರಲ್ಲ."

ಎಸಿಮ್ ಸಮಾಧಾನದ ಮಾತು ಹೇಳಲಿಲ್ಲ. ಜೀನಿನ ಕಡೆ ನೋಡಿ ನಿಧಾನವಾಗಿ ಕೇಳಿದ, "ಹಾಗಾದ್ರೆ ಇದನ್ನ ಹೊಲಿದವಳ ಕೈಗುಣವೂ ಸರಿ ಇರ್ಲಿಲ್ವಾ?"

ಕಮ್ಷಾತ್ ಕಣ್ಣೊರೆಸಿಕೊಂಡು ಜೀನನ್ನು ಮತ್ತೆ ನೋಡಿದಳು. ಈ ಸಲ ಜೀನುಗಾತಿಯ ಕಣ್ಣಿನಿಂದ. ಹೊಟ್ಟೆಗೆ ಬಿಗಿಯುವ ಪಟ್ಟಿಯನ್ನು ತಿರುಗಿಸಿದಳು. ಎಲ್ಲೂ ಬಿಗಿದು ಸವೆದ ಗೆರೆ ಇಲ್ಲ. ಕಂಬಳಿಯ ಅಡಿಭಾಗವನ್ನು ಮುಟ್ಟಿದಳು. ಭಾರಕ್ಕೆ ಅದುಮಿಕೊಂಡಿಲ್ಲ, ಕುದುರೆಯ ಬೆವರಿನ ಕಲೆ ಇಲ್ಲ.

"ಇದರ ಮೇಲೆ ಯಾರೂ ಕೂತೇ ಇಲ್ಲ" ಎಂದಳು.

"ಅಂದ್ರೆ?"

"ಗಂಡ ಸತ್ತ ಮೇಲೆ ಹೊಲಿದ ಜೀನು ಇದು. ಸಮಾಧಿಗೇ ಅಂತ ಹೊಲಿದದ್ದು. ಹೊಲಿಯುವಾಗ ಅವಳಿಗೆ ಗೊತ್ತಿತ್ತು, ಅವನು ಬರಲ್ಲ ಅಂತ. ಆದ್ರೂ ಹಾಕಿದಾಳೆ." ಅವಳ ಬೆರಳು ಆ ಕಪ್ಪು ಎಳೆಯ ಪಕ್ಕದಲ್ಲೇ, ಮುಟ್ಟದೆ, ನಿಂತಿತ್ತು. "ಬರಲಿ ಅಂತ ಅಲ್ಲ. ಒಂದು ಎಳೆ ನಿನ್ನ ಜೊತೆ ಇರ್ಲಿ, ಉಳಿದ ನಾನು ಇಲ್ಲಿರ್ತೀನಿ, ಅಂತ."

 ರಾಜ ಯಾರೋ, ಅವನ ಹೆಸರೇನೋ, ಯಾರಿಗೂ ಗೊತ್ತಿಲ್ಲ. ಅವನ ಬಂಗಾರವನ್ನು ಕಳ್ಳರು ಒಯ್ದರು. ಈ ಹೆಂಗಸಿನ ಒಂದು ಕೂದಲು ಮಾತ್ರ ಎರಡು ಸಾವಿರದ ಮುನ್ನೂರು ಚಳಿಗಾಲ ದಾಟಿ ಕಮ್ಷಾತ್‌ಳ ಕೈಗೆ ಬಂದಿತ್ತು.  ಯಾರೋ ದೊಡ್ಡವರ ಎದುರು ನಿಂತಂತೆ ತಲೆವಸ್ತ್ರವನ್ನು ಸರಿಮಾಡಿಕೊಂಡಳು.

"ಕಮ್ಷಾತ್" ಎಂದ ಎಸಿಮ್. "ನನಗೆ ಚಂದ ಮಾತಾಡೋಕೆ ಬರಲ್ಲ. ವಯಸ್ಸು ಮೂವತ್ತಾರಾಯ್ತು, ಇಷ್ಟು ದಿನ ಸತ್ತವರ ಜೊತೆಗೇ ಮಾತಾಡ್ಕೊಂಡು ಬಂದೆ. ಬಾಲದ ಪಟ್ಟಿನ ಕಿವಿಗೆ ಬೇಕಂತಲೇ ಸುತ್ತಿದ್ದೆ."

"ಗೊತ್ತು."

"ನೀವು ನಗೋದು ನೋಡೋಕೆ."

"ಅದೂ ಗೊತ್ತು."

"ನಾಳೆ ಹೋದರೆ ಅಲ್ಲಿ ನನ್ನ ತಪ್ಪು ಹಿಡಿಯೋರು ಯಾರೂ ಇಲ್ಲ. ನನ್ನ ಮದುವೆ ಆಗ್ತೀರಾ?"

ಅವಳು ಜೀನಿನ ಮೇಲೆ ಒದ್ದೆ ಬಟ್ಟೆ ಹೊದಿಸಿದಳು. ಮನೆಗೆ ನಡೆದಳು. ಒಲೆಯ ಮುಂದೆ ಕುಳಿತಿದ್ದ ಬಾತಿಮಾಳ ಎದುರು ಮಂಡಿಯೂರಿ ಕುಳಿತು, ಎಲ್ಲವನ್ನೂ ಹೇಳಿದಳು. ಜೀನು, ಕೂದಲು, ಅವನು ಕೇಳಿದ ಮಾತು. ಕೊನೆಗೆ, "ಅತ್ತೆ, ನನಗೆ ಅವರು ಬೇಕು. ನೀವು ಬೇಡ ಅಂದ್ರೆ ಹೋಗಲ್ಲ. ಆದ್ರೆ ಬೇಕಿಲ್ಲ ಅಂತ ಸುಳ್ಳು ಹೇಳೋಕಾಗಲ್ಲ" ಎಂದಳು.

ಬಾತಿಮಾ ಒಲೆಗೆ ಇನ್ನೊಂದು ಕಟ್ಟಿಗೆ ಒಡ್ಡಿದಳು. "ನನ್ನ ಮಗನನ್ನ ಮರೀತೀಯಾ?"

"ಇಲ್ಲ."

"ಹಾಗಾದ್ರೆ ಸರಿ. ನಾನೂ ಮರೆತಿಲ್ಲ, ಊಟ ಬಿಟ್ಟಿದೀನಾ?" ಎಂದ ಮುದುಕಿ ಮುಖ ಆಚೆ ತಿರುಗಿಸಿ ಒರೆಸಿಕೊಂಡಳು.

ಗುರುವಾರ ಬೆಳಿಗ್ಗೆ ಕುದುರೆಗಳನ್ನು ಹೊತ್ತ ಲಾರಿ ಹೊರಡುವ ಹೊತ್ತಿಗೆ ಬಾತಿಮಾ ಹೊಸ ವೆಲ್ವೆಟ್ ಕೋಟು ತೊಟ್ಟು, ಸೊಸೆಯನ್ನು ಹಿಂದಿಟ್ಟುಕೊಂಡು ದಿಬ್ಬದ ಬಳಿ ಬಂದಳು. ನೇರ ಎಸಿಮ್‌ನ ಎದುರು ನಿಂತಳು.

"ಹೆಣ್ಣು ಕೇಳಿದೆಯಂತೆ?"

"ಹೌದಮ್ಮ."

"ಡೇರೆಯೊಳಗೆ? ಸತ್ತ ಕುದುರೆ ಮುಂದೆ? ಇವಳಿಗೆ ಹೇಳೋರು ಕೇಳೋರು ಇಲ್ಲ ಅಂದ್ಕೊಂಡ್ಯಾ? ಇವತ್ತಿಂದ ಇವಳು ನನ್ನ ಸೊಸೆಯಲ್ಲ, ಮಗಳು. ಮಗಳನ್ನ ಕೇಳೋರು ಹಿರಿಯರನ್ನ ಕರ್ಕೊಂಡು ಮನೆಗೆ ಬರ್ತಾರೆ, ಕಿವಿಗೆ ಓಲೆ ಹಾಕ್ತಾರೆ. ಎಲ್ಲಿ ಓಲೆ?"

ಎಸಿಮ್ ಕಕ್ಕಾಬಿಕ್ಕಿಯಾಗಿ ತನ್ನ ಜೇಬು ತಡಕಿದ. ಒಂದು ರಬ್ಬರು, ಎರಡು ಪೆನ್ಸಿಲ್ ಸಿಕ್ಕಿದವು.

"ಅಯ್ಯೋ ದೇವರೇ! ಬೇಸಿಗೆ ಪೂರ್ತಿ ಬಂಗಾರದ ರಾಶಿ ಮಧ್ಯೆ ಕೂತಿದ್ದು ಒಂದು ಜೊತೆ ಓಲೆಗೆ ಗತಿಯಿಲ್ವಾ ನಿಂಗೆ?"

"ಅದು ನನ್ನದಲ್ಲಮ್ಮ."

"ಗೊತ್ತು. ಅದರಲ್ಲಿ ಒಂದು ಚೂರು ತಂದಿದ್ರೂ ನಾಯಿ ಬಿಟ್ಟು ಓಡಿಸ್ತಿದ್ದೆ" ಎಂದ ಬಾತಿಮಾ ಮೊದಲ ಸಲ ನಕ್ಕಳು. "ನಿಮ್ಮಮ್ಮ ಇದಾಳಾ?"

"ಇದಾಳೆ. ಹತ್ತು ದಿನದಲ್ಲಿ ಕರ್ಕೊಂಡು ಬರ್ತೀನಿ. ಕುದುರೆಗಳನ್ನ ಜಾಗಕ್ಕೆ ಸೇರಿಸಿ ಬಂದುಬಿಡ್ತೀನಿ."

ಚಾಲಕ ಹಾರನ್ ಒತ್ತಿದ. ಎಸಿಮ್ ಲಾರಿಯ ಮೆಟ್ಟಿಲಿಗೆ ಕಾಲಿಟ್ಟವನು ಹಿಂದಿರುಗಿ ಕಮ್ಷಾತ್‌ಳನ್ನು ನೋಡಿದ.  ಜನರೆಲ್ಲ ನೋಡುತ್ತಿದ್ದರು. ನೋಡಿಕೊಳ್ಳಲಿ ಎಂದು ಅವಳು ಲಾರಿಯ ಹತ್ತಿರ ನಡೆದು ಹೋದಳು.

"ಹತ್ತು ದಿನ ಅಂದ್ರಿ."

"ಹತ್ತೇ ದಿನ."

"ಬರದೇ ಇರೋರಿಗೆ ನಾಲ್ಕು ವರ್ಷ ಕಾದಿದೀನಿ" ಎಂದಳು ಕಮ್ಷಾತ್. "ಬರೋರಿಗೆ ಕಾಯೋದು ಹೇಗೆ ಅಂತ ನನಗೆ ಮರೆತೇ ಹೋಗಿದೆ. ಒಂಬತ್ತು ದಿನಕ್ಕೇ ಬನ್ನಿ."