ಚಂದ್ರ ಕೆಳಗಿದ್ದ ಸಂಜೆ

"ನನ್ನ ಟೆಲಿಸ್ಕೋಪ್ ತಿರುಗಿಸಿದ್ದು ಯಾರ್ರೀ?"

ಕಂಪ್ಯೂಟರ್ ಪರದೆಯ ಮೂಲೆಯಲ್ಲಿ ಈ ಸಾಲು ಕಾಣಿಸಿಕೊಂಡಾಗ ವಿಜಯಶ್ರೀಯ ಕೈ ಮೌಸ್ ಮೇಲೆಯೇ ನಿಂತುಬಿಟ್ಟಿತು.

ಟೆಲಿಸ್ಕೋಪ್ ಇದ್ದದ್ದು ಅಮೆರಿಕದ ಮರುಭೂಮಿಯಲ್ಲಿ. ತಿರುಗಿಸಿದವಳು ಕೂತಿದ್ದದ್ದು ಬಸವೇಶ್ವರನಗರದ ತನ್ನ ಮನೆಯ ನಡುಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟುಕೊಂಡು. ನಮಗೆ ಬೆಳಗಾದರೆ ಅಲ್ಲಿ ರಾತ್ರಿ. ಇಂಟರ್ನೆಟ್ಟಿನಲ್ಲಿ ಹೇಳಿದರೆ ಸಾಕು, ಅದು ಆಕಾಶದ ಆ ಮೂಲೆಗೆ ತಿರುಗಿ ನೀಹಾರಿಕೆಯ ಫೋಟೋ ತೆಗೆದು ಕಳಿಸುತ್ತಿತ್ತು. ವಿಜಯನಗರದ ಒಂದು ಖಗೋಳ ಸಂಘ ಅದನ್ನು ಬಾಡಿಗೆಗೆ ಹಿಡಿದಿತ್ತು. ಸಂಘಕ್ಕೆಲ್ಲ ಒಂದೇ ಪಾಸ್‌ವರ್ಡ್, ಸದಸ್ಯರು ಸಮಯ ಹಂಚಿಕೊಳ್ಳುತ್ತಿದ್ದರು.

ಇದು ತನ್ನ ಸಮಯವೇ ಅಲ್ಲವೇ ಎಂದು ಅವಳು ಹೆದರುತ್ತಾ ಟೈಪ್ ಮಾಡಿದಳು.

"ಅಲ್ಲ ರೀ. ನಿನ್ನೆ ಅವರು ಗಡಿಯಾರ ಒಂದು ಗಂಟೆ ಮುಂದಕ್ಕೆ ಇಟ್ಕೊಂಡಿದಾರೆ. ಪ್ರತಿ ಮಾರ್ಚಲ್ಲೂ ಇಡ್ತಾರೆ. ನಿಮ್ಮ ಸರದಿ ಆಗ್ಲೇ ಮುಗೀತು."

ಅಯ್ಯೋ... ಯಾರದ್ದೋ ನಕ್ಷತ್ರಗುಚ್ಛದ ಫೋಟೋ ಅರ್ಧಕ್ಕೇ ಕೆಡಿಸಿದೆನಲ್ಲ! ಅವಳು ಕ್ಷಮಿಸಿ ಎಂದು ಬರೆಯಹೊರಟಳು. ಅಷ್ಟರಲ್ಲಿ ಇನ್ನೊಂದು ಸಾಲು ಬಂತು.

"ಹೋಗ್ಲಿ ಬಿಡಿ. ನಿಮ್ಮ ಮಹಾವ್ಯಾಧ ನಕ್ಷತ್ರಪುಂಜ ಮುಳುಗ್ತಾ ಇದೆ. ಅದರ ನೀಹಾರಿಕೆ ಬೇಗ ತೆಗೆದುಬಿಡಿ, ನಾನು ಕಾಯ್ತೀನಿ."

ಇಷ್ಟು ದಿನದಲ್ಲಿ ಅವಳಿಗಾಗಿ ಯಾರೂ ಕಾದಿರಲಿಲ್ಲ. ಅವಳನ್ನು ಕಾವಲು ಕಾದಿದ್ದರು, ಅಷ್ಟೇ.

ಕಾವಲಿನ ಕಥೆ ಹೇಳಲೇಬೇಕು. ಒಂದು ವರ್ಷದ ಹಿಂದೆ ಅಕ್ಕ ಬಸವರಾಜೇಶ್ವರಿ ಒಂದು ಮಧ್ಯಾಹ್ನ ಮನೆ ಬಿಟ್ಟುಹೋಗಿ ಪ್ರೀತಿಸಿದವನನ್ನು ಮದುವೆಯಾಗಿದ್ದಳು. ಅವನ ಜೊತೆ ಅವಳು ಮಾತಾಡುತ್ತಿದ್ದದ್ದು ಟೆರೇಸಿನಲ್ಲಿ ನಿಂತು. ಅವತ್ತೇ ಅಪ್ಪ ಏಕಾಂತಯ್ಯ ಟೆರೇಸಿನ ಬಾಗಿಲಿಗೆ ಬೀಗ ಜಡಿದರು. ಆಫೀಸಿಗೆ ಹೊರಡುವಾಗ ಗೇಟಿಗೂ ಬೀಗ ಹಾಕತೊಡಗಿದರು. ಕೇಳಿದವರಿಗೆ ಕಳ್ಳರ ಕಾಟ ಎನ್ನುತ್ತಿದ್ದರು. ರಾತ್ರಿ ಊಟಕ್ಕೆ ಕೂತಾಗ ಮಾತ್ರ ತಮ್ಮಷ್ಟಕ್ಕೇ ಗೊಣಗುತ್ತಿದ್ದರು, "ಒಂದು ಮಾತು ಕೇಳಲಿಲ್ಲ ಅವಳು... ಒಂದು ಮಾತು."

ಬಿ.ಎಸ್ಸಿ. ಮುಗಿಸಿದ ವಿಜಯಶ್ರೀ ಹೀಗೆ ಒಳಗೇ ಉಳಿದಳು. ಕಿಟಕಿ ತೆರೆದರೆ ಪಕ್ಕದ ಮನೆಯವರ ಗೋಡೆ. ಹಳೆಯ ಕಾಲೇಜು ಮೇಡಂ ಕಮಲಾಕ್ಷಮ್ಮ ಅವಳಿಗೆ ಸಂಘದ ಸದಸ್ಯತ್ವ ಕೊಡಿಸಿದ್ದರು. ಏಕಾಂತಯ್ಯನವರ ಲೆಕ್ಕದಲ್ಲಿ ಮಗಳು ಕಂಪ್ಯೂಟರ್ ಕಲಿಯುತ್ತಿದ್ದಳು. ಗೇಟಿಗೆ ಬೀಗ ಜಡಿದು, ಇಡೀ ವಿಶ್ವವನ್ನು ಮಗಳ ಮೇಜಿನ ಮೇಲೆ ತೆರೆದಿಟ್ಟು ಹೋಗುತ್ತಿದ್ದ ಭೂಪ ಅವರು!

ಅವತ್ತು ಕಾದವನ ಹೆಸರು ಕಲ್ಮೇಶ್. ಮಾರೇನಹಳ್ಳಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಬಿಡುವಿನ ಪೀರಿಯಡ್ಡಿನಲ್ಲಿ ಕಾಲೇಜಿನ ಲ್ಯಾಬಿನಿಂದ ಟೆಲಿಸ್ಕೋಪ್ ನಡೆಸುತ್ತಿದ್ದ. ಒಂದೇ ನೀಹಾರಿಕೆಯ ಹತ್ತಾರು ಫೋಟೋಗಳನ್ನು ಒಂದರ ಮೇಲೊಂದು ಪೇರಿಸಿದರೆ ಮಸುಕು ಕಳೆದು ಬೆಳಕು ಹೇಗೆ ಎದ್ದು ಬರುತ್ತದೆಂದು ಅವನು ಕಲಿಸಿದ. ಬಣ್ಣ ಕೂಡಿಸುವುದರಲ್ಲಿ ಅವಳದೇ ಮೇಲುಗೈ. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ತೆಗೆದ ಚಿತ್ರಗಳು ಸಂಘದ ಗೋಡೆ ತುಂಬಿದ್ದವು. ಆ ಗೋಡೆಯನ್ನು ಅವಳು ನೋಡಿರಲಿಲ್ಲ.

ಅವನು ಸಂಘದ ಸಭೆಗೆ ಬನ್ನಿ ಎಂದು ಕರೆದ. ಬರುತ್ತೇನೆಂದಳು, ಹೋಗಲಿಲ್ಲ. ಮತ್ತೆ ಕರೆದ, ಜ್ವರವೆಂದಳು. ತನ್ನ ಮೊಬೈಲ್ ನಂಬರ್ ಕೊಟ್ಟ. ಅದು ಅವಳಿಗೆ ಬಾಯಿಪಾಠವಾಯಿತು, ಆದರೆ ಒಮ್ಮೆಯೂ ಫೋನ್ ಮಾಡಲಿಲ್ಲ. ಬೀಗದ ವಿಷಯ ಹೇಳುವುದು ಹೇಗೆ? ಮನೆಯವರೇ ನಂಬದ ಹುಡುಗಿ ಎಂದುಕೊಂಡರೆ...? ಆ ನಾಚಿಕೆ ಅವಳ ಪಾಲಿಗೆ ಗೇಟಿಗಿಂತ ಗಟ್ಟಿಯಾಗಿತ್ತು.

ಡಿಸೆಂಬರ್ ಬಂತು. ಒಂದು ಸಂಜೆ ಇಡೀ ಬೆಂಗಳೂರು ಬೀದಿಗೆ ಬಂದು ಆಕಾಶ ನೋಡಿತು. ಶುಕ್ರ, ಗುರು, ಚಂದ್ರ ಮೂವರೂ ಒಟ್ಟಿಗೆ! ಪಕ್ಕದ ಟೆರೇಸಿನಲ್ಲಿ ಜನ ಚಪ್ಪಾಳೆ ತಟ್ಟಿದ್ದು ವಿಜಯಶ್ರೀಗೆ ಕೇಳಿಸಿತು. ಕಿಟಕಿಯ ಸರಳಿಗೆ ಕೆನ್ನೆ ಒತ್ತಿ, ಕತ್ತು ಹೊರಳಿಸಿ ನೋಡಿದಳು. ಗೋಡೆ ಕಂಡಿತು, ಗೋಡೆಯ ಮೇಲೊಂದು ಸಿಂಟೆಕ್ಸ್ ಟ್ಯಾಂಕು ಕಂಡಿತು. ಅವಳಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ಕಲ್ಮೇಶ್ ಕೇಳಿದ ಮೊದಲ ಮಾತೇ ಅದು, ನೋಡಿದ್ರಾ ಎಂದು. ಟೆಲಿಸ್ಕೋಪಿನ ಪಕ್ಕ ಅಲ್ಲಿನ ಮೋಡ ನೋಡಲು ಒಂದು ಸಣ್ಣ ಕ್ಯಾಮೆರಾ ಇತ್ತು. ಅದರಲ್ಲಿ ಆಗಷ್ಟೇ ಮೂಡಿದ್ದ ಅಮೆರಿಕದ ಸಂಜೆಯನ್ನು ಅವಳು ಕಣ್ತುಂಬಿಕೊಂಡಿದ್ದಳು. ಅದನ್ನೇ ನೆಚ್ಚಿಕೊಂಡು ಬರೆದಳು.

"ನಮ್ಮ ಟೆರೇಸಿಂದಾನೇ ನೋಡ್ದೆ! ಚಂದ್ರ ಮೇಲೆ, ಎರಡೂ ಗ್ರಹ ಕೆಳಗೆ... ಎಷ್ಟು ಚೆನ್ನಾಗಿತ್ತು."

ಅವನ ಉತ್ತರ ಬಂತು.

"ಇಲ್ಲಿ ಚಂದ್ರ ಕೆಳಗಿತ್ತು ವಿಜಯಶ್ರೀ ಅವ್ರೇ. ಮೇಲೆ ಎರಡು ಕಣ್ಣು, ಕೆಳಗೆ ನಗು. ಮಾಗಡಿ ರೋಡಿನ ಸೊಪ್ಪಿನವರೂ ನೋಡಿದಾರೆ. ಚಂದ್ರ ಮೇಲೆ ಹತ್ತೋಕೆ ಇನ್ನರ್ಧ ದಿನ ಬೇಕು, ಅದು ಕಾಣೋದು ಅಮೆರಿಕದವ್ರಿಗೆ."

ಅವಳು ಟೈಪ್ ಮಾಡುವಷ್ಟರಲ್ಲಿ ಅವನ ಮುಂದಿನ ಸಾಲು ಬಂತು.

"ಅಮೆರಿಕದಲ್ಲಿದ್ಕೊಂಡು ಬಸವೇಶ್ವರನಗರ ಅಂದ್ರಿ. ಅದಕ್ಕೇ ಸಭೆಗೆ ಬರ್ಲಿಲ್ಲ, ಫೋನೂ ಮಾಡ್ಲಿಲ್ಲ. ನಾನೇ ದಡ್ಡ. ನನ್ನ ಸಮಯನೂ ನೀವೇ ಇಟ್ಕೊಳ್ಳಿ."

ಅವನ ಹೆಸರಿನ ಮುಂದಿದ್ದ ಹಸಿರು ಚುಕ್ಕೆ ಆರಿತು. ಮರುದಿನವೂ ಬರಲಿಲ್ಲ. ಅದರ ಮರುದಿನವೂ ಇಲ್ಲ. ಅವಳು ಬರೆದದ್ದೆಲ್ಲ ಓದುವವರಿಲ್ಲದೆ ಬಿದ್ದಿತ್ತು. ಅಡುಗೆಮನೆಯಿಂದ ಅಮ್ಮ ದಾನಮ್ಮ ಬಂದು ಊಟ ಮಾಡೆಂದರು, ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಮೂರು ಹೆಜ್ಜೆ ಆಚೆಗೆ ಮೆಟ್ಟಿಲು, ಮೆಟ್ಟಿಲ ತುದಿಯಲ್ಲಿ ಬೀಗ. ಆ ಸುಳ್ಳಿಗೆ ಅವಳನ್ನು ದೂಡಿದ್ದೇ ಆ ಬೀಗ, ಈಗ ಅವನನ್ನು ಕಳೆಯುತ್ತಿದ್ದುದೂ ಅದೇ.

ಅಂದು ಸಂಜೆ ಅಪ್ಪ ಗೇಟು ತೆರೆದು ಒಳಗೆ ಬಂದಾಗ ಅವಳು ಎದುರಿಗೇ ನಿಂತಿದ್ದಳು.

"ಅಪ್ಪಾಜಿ, ಟೆರೇಸಿನ ಬೀಗದ ಕೈ ಕೊಡಿ."

ಏಕಾಂತಯ್ಯ ಕೇಳಿಸದವರಂತೆ ಚಪ್ಪಲಿ ಬಿಟ್ಟರು.

"ಅಕ್ಕ ಒಂದು ಮಾತು ಕೇಳಲಿಲ್ಲ ಅಂತ ದಿನಾ ಅಂತೀರ. ನಾನು ಕೇಳ್ತಾ ಇದೀನಿ. ನನಗೊಬ್ಬರು ಇಷ್ಟ. ಅವರನ್ನ ಇಲ್ಲಿಗೇ, ನಿಮ್ಮ ಮುಂದೇನೇ ಕರೀತೀನಿ."

ಫೋನ್ ಎತ್ತಿ ಬಾಯಿಪಾಠದ ಆ ನಂಬರ್ ಒತ್ತಿದಳು. ಅಪ್ಪ ನಿಂತಲ್ಲೇ ನಿಂತಿದ್ದರು.

"ಕಲ್ಮೇಶ್ ಅವ್ರಾ? ನಾನು ವಿಜಯಶ್ರೀ."

ಅವನು ಅವಳ ಧ್ವನಿ ಕೇಳಿದ್ದು ಅದೇ ಮೊದಲು.

"ನಾನು ಬಸವೇಶ್ವರನಗರದಲ್ಲೇ ಇದೀನಿ. ಮೊದ್ಲಿಂದ ಇಲ್ಲೇ ಇದೀನಿ. ಆದ್ರೆ ನಮ್ಮನೇಲಿ ನಂಗೆ ಆಕಾಶ ಕಾಣಲ್ಲ... ಎರಡು ವರ್ಷದಿಂದ ಟೆರೇಸಿಗೆ ಬೀಗ. ಅದಕ್ಕೇ ಅಲ್ಲಿನ ಚಂದ್ರನ್ನ ನೋಡಿ ನಂದು ಅಂತ ಹೇಳ್ದೆ."

ಏಕಾಂತಯ್ಯನವರ ಮುಖ ಬಾಡಿಹೋಯಿತು. ಮಗಳನ್ನು ಬೀದಿಯಿಂದ ಕಾಪಾಡಿದೆ ಎಂದುಕೊಂಡಿದ್ದರು. ಕಿತ್ತುಕೊಂಡದ್ದು ಏನೆಂದು ಅವರಿಗೆ ತಿಳಿದದ್ದು ಆಗಲೇ.

ಫೋನಿನಲ್ಲಿ ಕಲ್ಮೇಶ್ ಕೇಳಿದ್ದು ಒಂದೇ, "ಎಷ್ಟನೇ ಕ್ರಾಸು?"

ಅವನು ಬೈಕಿನಲ್ಲಿ ಬಂದಾಗ ಅಪ್ಪ ಮೆಟ್ಟಿಲ ತುದಿಯಲ್ಲಿ ಬೀಗದೊಡನೆ ಗುದ್ದಾಡುತ್ತಿದ್ದರು. ತುಕ್ಕು ಹಿಡಿದಿತ್ತು. ದಾನಮ್ಮ ಕೊಬ್ಬರಿ ಎಣ್ಣೆ ತಂದು ಸುರಿದರು. ಬೀಗ ಬಿಟ್ಟರೂ ಬಾಗಿಲು ಬಿಡಲಿಲ್ಲ, ಕೊನೆಗೆ ಕಲ್ಮೇಶನೂ ಹೆಗಲು ಕೊಡಬೇಕಾಯಿತು. ಪರಿಚಯ ಮಾಡಿಕೊಳ್ಳುವ ಮೊದಲೇ ಮಾವನಾಗುವವರ ಜೊತೆ ಬಾಗಿಲು ದೂಡಿದ ಅಳಿಯ ಇವನೊಬ್ಬನೇ ಇರಬೇಕು!

ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ವಿಜಯಶ್ರೀ ತಲೆ ಎತ್ತಿದಳು. ಕೃತ್ತಿಕಾ ನಕ್ಷತ್ರಪುಂಜ ಅಲ್ಲಿತ್ತು, ಊರಿನ ದೀಪಗಳ ನಡುವೆಯೂ ಸಣ್ಣಗೆ ಮಿನುಗುತ್ತಾ. ಅವಳ ಕಣ್ಣು ತುಂಬಿ ಅದೂ ಮಸುಕಾಯಿತು.

"ಸ್ಕ್ರೀನಲ್ಲಿ ಇನ್ನೂ ಚೆನ್ನಾಗಿ ಕಾಣ್ತಿತ್ತು ಅಲ್ವಾ?" ಕಲ್ಮೇಶ್ ಮೆಲ್ಲಗೆ ಕೇಳಿದ.

"ಹೂಂ... ಆದ್ರೆ ಪಕ್ಕದಲ್ಲಿ ನೀವಿರ್ತಿರ್ಲಿಲ್ಲ."

ಒಂದೂ ಮಾತು ಕೇಳದೆ ಸುಳ್ಳುಗಾರ್ತಿ ಎಂದುಕೊಂಡದ್ದಕ್ಕೆ ಅವನು ಕ್ಷಮೆ ಬೇಡಿದ. ಹಿಂದಿನಿಂದ ಏಕಾಂತಯ್ಯನವರ ಧ್ವನಿ ಬಂತು, "ಇಳಿಯೋವಾಗ ಬೀಗ..." ಅಷ್ಟಕ್ಕೇ ನಿಂತಿತು. "ಬೇಡ, ಬಿಡಮ್ಮ" ಎಂದು ಅವರು ಮೆಟ್ಟಿಲಿಳಿದರು.

"ಅವತ್ತಿನ ನಗು ಮತ್ತೆ ಯಾವಾಗ ಬರತ್ತೆ?" ವಿಜಯಶ್ರೀ ಕೇಳಿದಳು.

"ವರ್ಷಗಟ್ಟಲೆ ಕಾಯಬೇಕಾಗತ್ತೇನೋ. ಜೊತೇಲಿ ಕಾಯೋಣ ಅಂತ ನಂಗಾಸೆ. ಕೆಳಗೆ ಹೋಗಿ ನಿಮ್ಮ ಅಪ್ಪನ್ನ ಕೇಳ್ಲಾ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಮೊದ್ಲು ನನ್ನ ಕೇಳಿ."

ಅವನು ಕೇಳಿದ.