ಹತ್ತು ಹೆಜ್ಜೆ ಹಿಂದೆ ಬರುವವಳು

"ಆ ಹೆಂಗಸು ನಿಮ್ಮ ಹೆಂಡತಿನಾ?"

ಲಾಂಡ್ರಿಯ ಉದ್ದನೆಯ ಮೇಜಿನ ಆಚೆ ತುದಿಯಿಂದ ಬಂದ ಪ್ರಶ್ನೆಗೆ ಅವನ ಕೈಯಲ್ಲಿದ್ದ ಆಸ್ಪತ್ರೆಯ ಬೆಡ್‌ಶೀಟು ಅರ್ಧ ಮಡಿಕೆಯಲ್ಲೇ ನಿಂತಿತು. ಎಲ್ಲರ ಮಡಿಕೆಯನ್ನೂ ತಿದ್ದುವವನೆಂದು ಜೊತೆಯವರು ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಈಗ ಮೇಷ್ಟ್ರಿಗೇ ಮೂಲೆಗೆ ಮೂಲೆ ಸೇರಲಿಲ್ಲ.

"ಯಾವ ಹೆಂಗಸು?"

"ನಾಟಕ ಬೇಡ. ದಿನಾ ನಿಮ್ಮ ಹಿಂದೆ ಬರ್ತಾರಲ್ಲ, ಜಗಳ ಆಡಿದೋರ ಹಾಗೆ ದೂರದಲ್ಲಿ. ಕಿಟಕಿಯಿಂದ ನೋಡಿದೀನಿ."

ಕೇಳಿದವಳ ಕಣ್ಣು ತಾನು ಮಡಿಸುತ್ತಿದ್ದ ದಿಂಬಿನ ಕವರಿನ ಮೇಲಿತ್ತು. ಕಿವಿ ಮಾತ್ರ ಇವನ ಕಡೆಗೇ.

ಅವನು ಮಡಿಕೆ ಬಿಚ್ಚಿ ಮತ್ತೆ ಮಡಿಸತೊಡಗಿದ. ಕಲಿಯುವುದು ನಿಧಾನವೆಂಬ ಕಾರಣಕ್ಕೆ ಮೂವತ್ತು ವರ್ಷ ಅಣ್ಣನ ನೆರಳಿನಲ್ಲಿ ಬೆಳೆದವನು, ಹೋದ ವರ್ಷದಿಂದ ತನ್ನದೇ ಬಾಡಿಗೆ ಮನೆಯಲ್ಲಿದ್ದ. ಹಿಂದೆ ಬರುವವಳು ಸಂಸ್ಥೆಯೊಂದು ಬೆಳಿಗ್ಗೆ, ಸಂಜೆ ಅವನ ನೆರವಿಗೆ ಕಳಿಸುತ್ತಿದ್ದ ಹೆಂಗಸು; ಅವನು ಅಕ್ಕ ಎನ್ನುತ್ತಿದ್ದ. ಅವನು ಒಲೆ ಹಚ್ಚುವಾಗ ಪಕ್ಕದಲ್ಲಿ ನಿಲ್ಲುತ್ತಿದ್ದಳೇ ಹೊರತು ತಾನು ಹಚ್ಚುತ್ತಿರಲಿಲ್ಲ. ದಾರಿಯಲ್ಲಿ ಮೊದಮೊದಲು ಜೊತೆಜೊತೆಗೆ, ಈಗ ಹತ್ತು ಹೆಜ್ಜೆ ಹಿಂದೆ. ಅವನಾಗಿ ಕರೆಯುವ ತನಕ ಹತ್ತಿರ ಬರುವಂತಿಲ್ಲ; ಅದು ಇಬ್ಬರ ಒಪ್ಪಂದ.

ನಿಜ ಹೇಳಿದರೆ ಮಗುವೆಂದು ನಕ್ಕಾಳು. ಮುಚ್ಚಿಟ್ಟರೆ ಮದುವೆಯಾದವನೆಂದು ದೂರವಾದಾಳು.

"ಸಂಜೆ ಹೇಳ್ತೀನಿ," ಎಂದ.

ಅಂದು ಊಟದ ಹೊತ್ತಿನಲ್ಲಿ ಅವಳು ಬೇರೆ ಬೆಂಚಿನಲ್ಲಿ ಕುಳಿತಳು.

ಸಂಜೆ ಗೇಟಿನ ಬಳಿ ಅವಳ ತಾಯಿ ಎಂದಿನಂತೆ ಕೈಚಾಚಿ ನಿಂತಿದ್ದಳು. ಮಗಳಿಗೂ ಕಲಿಯುವುದು ನಿಧಾನ. ಇಪ್ಪತ್ತೆಂಟು ತುಂಬಿದರೂ ರಸ್ತೆಗಿಳಿದರೆ ಅಮ್ಮನ ಕೈ ಬಿಡುವಂತಿರಲಿಲ್ಲ.

ಅವನು ಏದುಸಿರು ಬಿಡುತ್ತ ಓಡಿಬಂದ. "ಹೆಂಡತಿ ಅಲ್ಲ! ಅವರು ಅಕ್ಕ. ನಾನು ದಾರಿ ಕಲೀತಿದೀನಿ. ತಪ್ಪಿದ್ರೆ ಇರಲಿ ಅಂತ ಹಿಂದೆ ಬರ್ತಾರೆ. ಈಗ ಬೇಕಾದ್ರೆ ನಗಿ."

ಅವಳು ನಗಲಿಲ್ಲ.

"ಕೈ ಹಿಡ್ಕೊಳ್ಳಲ್ವಾ?"

"ಊಹೂಂ."

"ಬೈಯೋದೂ ಇಲ್ವಾ?"

"ಒಂದ್ಸಲ ತಪ್ಪು ಬಸ್ ಹತ್ತಿದೆ. ಅವರೂ ಹತ್ತಿ ಹಿಂದಿನ ಸೀಟಲ್ಲಿ ಕೂತ್ರು. ಕೊನೇ ಸ್ಟಾಪಲ್ಲಿ ನಾನು ಕರೆದ್ಮೇಲೆ, 'ಈ ಕಡೆ ನಾನೂ ಬಂದಿರ್ಲಿಲ್ಲ ಕಣೋ' ಅಂದ್ರು."

ಅವಳು ತಾಯಿಯತ್ತ ತಿರುಗಿದಳು.

"ಅಮ್ಮಾ, ನೀನೂ ಹಿಂದೆ ಬಾ. ಬಸ್ ಸ್ಟಾಪ್ ತನಕ ಇವರ ಜೊತೆ ಹೋಗ್ತೀನಿ."

"ತಲೆ ಕೆಟ್ಟಿದ್ಯೇನೇ ಪುಟ್ಟಿ? ಯಾವನೋ ಏನೋ!"

"ಯಾವನೋ ಅಲ್ಲ, ಮೇಷ್ಟ್ರು. ನಂಗೆ ಇವರು ಇಷ್ಟ."

ಅಂದೇಬಿಟ್ಟಳು! ಗೇಟಿನ ಕಾವಲುಗಾರನೂ ತಲೆ ಎತ್ತಿದ. ಮೇಷ್ಟ್ರ ಕಿವಿ ಕೆಂಪೇರಿತು. ತಾಯಿಯ ಬೆರಳುಗಳು ಮಗಳ ಮಣಿಕಟ್ಟಿನ ಮೇಲೆ ಇನ್ನಷ್ಟು ಬಿಗಿದವು. ಈ ಕೈ ಈಗ ಬಿಡದಿದ್ದರೆ ಮುಂದೆಂದೂ ಬಿಡಲಾರದೆಂದು ಅವನಿಗೆ ಹೊಳೆಯಿತು. ಅವಳನ್ನು ತನ್ನತ್ತ ಎಳೆಯಬೇಕೆನಿಸಿತು. ಎಳೆಯಲಿಲ್ಲ, ತಿರುಗಿ ದೂರದಲ್ಲಿ ಕಾದು ನಿಂತಿದ್ದವಳನ್ನು ಕರೆದ.

"ಅಕ್ಕಾ!"

ಅಕ್ಕ ಬಂದವಳು ಅವನ ಪಕ್ಕ ನಿಲ್ಲಲಿಲ್ಲ, ತಾಯಿಯ ಪಕ್ಕ ನಿಂತಳು.

"ಇವನನ್ನ ಬಿಟ್ಟ ಮೊದಲ ದಿನ ನಂಗೂ ಕೈಕಾಲು ಆಡ್ಲಿಲ್ಲಮ್ಮಾ. ಬನ್ನಿ, ನಾವಿಬ್ರೂ ಜೊತೆಗೆ ಹೆದರೋಣ."

ತಾಯಿಗೆ ನಗುವೋ ಅಳುವೋ, ಏನೋ ಒಂದು ಉಕ್ಕಿತು. ಬೆರಳುಗಳು ಒಂದೊಂದಾಗಿ ಸಡಿಲಿದವು.

ರಸ್ತೆಯಂಚಿನಲ್ಲಿ ಅವರಿಬ್ಬರೇ ನಿಂತರು. ಅವಳ ಬರಿಗೈ ಅವನ ಕೈಯನ್ನು ಸೋಕಿತು, ಹಾಗೆಯೇ ಉಳಿಯಿತು.

"ನಂಗೂ ನೀವು ಇಷ್ಟ," ಎಂದ, ವಾಹನಗಳ ಮೇಲಿನ ಕಣ್ಣು ಕೀಳದೆ.

"ಹೋಗೋಣ್ವಾ?"

"ಇನ್ನೂ ಒಂದು ಲಾರಿ ಬರ್ತಿದೆ. ನಿಲ್ಲಿ."

"ನಿಲ್ತೀನಿ," ಎಂದಳು. "ನಂಗೇನು ಅವಸರ?"