ಕೂಸಿನ ಜೊಲ್ಲಿನಲ್ಲಿ ಭಾರಜಲ

ಆಗಸ್ಟ್ ಮೊದಲ ಸೋಮವಾರ ಬೆಳಿಗ್ಗೆ ಡಾ. ಗುರುಸಂಗಪ್ಪ ನರಗುಂದದ ಪೊಲೀಸ್ ಠಾಣೆಗೆ ಬಂದು, ಒಂದು ಬಾಟಲಿ ನೀರು ಕಳುವಾಗಿದೆ ಎಂದು ದೂರು ಕೊಟ್ಟರು. ಇನ್ಸ್‌ಪೆಕ್ಟರ್ ಮಹೇಶ್ವರಿಗೆ ನಗು ತಡೆಯಲಾಗಲಿಲ್ಲ.

"ಕಾಲುವಿ ತುಂಬ ನೀರು ಹರಿಯಾಕತ್ತೈತಿ. ಬಾಟ್ಲಿ ನೀರಿಗೂ ಎಫ್‌ಐಆರ್ ಏನ್ರಿ?"

"ಇದು ಭಾರಜಲ್ರಿ. ಇದರಾಗಿನ ಹೈಡ್ರೋಜನ್ ಹೆಚ್ಚು ತೂಕದ್ದು, ಡ್ಯುಟೀರಿಯಂ ಅಂತೀವಿ. ತಾಯಿಗೆ ಒಂದೀಟು ಕುಡಿಸಿದ್ರ ಹಾಲಿನ್ಯಾಗ ಇಳಿತೈತಿ. ಕೂಸಿನ ಜೊಲ್ಲು ಪರೀಕ್ಷಾ ಮಾಡಿದ್ರ ಎಷ್ಟು ಎದಿಹಾಲು ಕುಡದೈತಿ ಅಂತ ತಿಳಿತೈತಿ. ಅಪಾಯ ಏನಿಲ್ರಿ."

ಪ್ರಕರಣ ದಾಖಲಾಯಿತು. ಶಿರೋಳದಲ್ಲಿದ್ದ ಡಾಕ್ಟರ ಎದೆಹಾಲು ಅಧ್ಯಯನ ಕೇಂದ್ರದಲ್ಲಿ ಕಾನ್‌ಸ್ಟೇಬಲ್ ಬಾಷಾ ಪಂಚನಾಮೆ ಬರೆದ. ಬಾಟಲಿ ಇಟ್ಟಿದ್ದ ಕಪಾಟಿನ ಬೀಗ ಮುರಿದಿರಲಿಲ್ಲ. ಕೀಲಿ ಇದ್ದದ್ದು ಡಾಕ್ಟರ ಹತ್ತಿರ, ಮತ್ತು ಮನೆಮನೆಗೆ ಹೋಗಿ ಕೂಸುಗಳ ಜೊಲ್ಲನ್ನು ಹತ್ತಿಯಲ್ಲಿ ಹಿಡಿದು ತರುವ ಸಹಾಯಕಿ ನಾಹೀದಳ ಹತ್ತಿರ.

"ನನಗೇನೂ ಗೊತ್ತಿಲ್ರಿ" ಎಂದಳು ನಾಹೀದ. ಅವಳ ಮನೆ ಜಾಲಾಡಿದರೂ ಬಾಟಲಿ ಸಿಗಲಿಲ್ಲ.

ಎರಡು ವಾರದ ಮೇಲೆ ಡಾಕ್ಟರು ಓಡೋಡಿ ಬಂದರು.

"ಪುರ್ತಗೇರಿ ಊರಿನ ರಾಜಮಾ ಅನ್ನಾಕಿ ಕೂಸು ಬರೀ ಡಬ್ಬಿ ಹಾಲು ಕುಡಿಯೂದ್ರಿ. ಹೋಲಿಸಿ ನೋಡಾಕಂತ ಅದರ ಜೊಲ್ಲೂ ತರಸ್ತಿದ್ವಿ. ಅದರಾಗ ಡ್ಯುಟೀರಿಯಂ ಬಂದೈತಿ!"

"ನೀರನ್ನ ಕೂಸಿಗೇ ಕುಡಿಸಿರಬೇಕು."

"ಹಂಗಾದ್ರ ಒಮ್ಮೆಲೇ ಏರತಿತ್ತು. ಇದು ದಿನಾ ಸ್ವಲ್ಪ ಸ್ವಲ್ಪ ಏರೈತಿ. ಆ ನೀರು ಕುಡದಾಕಿ ಯಾರೋ ಕೂಸಿಗೆ ಎದಿಹಾಲು ಕೊಟ್ಟಾಳ."

ಕದ್ದು ಹಾಲೂಡಿಸುವವಳು ಹೆತ್ತವಳೇ ಇರಬೇಕು ಎಂದುಕೊಂಡು ಮಹೇಶ್ವರಿ ಪುರ್ತಗೇರಿಗೆ ಜೀಪು ಹೊರಡಿಸಿದಳು.

"ಈ ಕೂಸಿನ್ನ ಹಡದಾಕಿ ಯಾರವ್ವ?"

ರಾಜಮಾ ಕೂಸನ್ನು ಅವಚಿಕೊಂಡಳು. "ನನ್ನ ತಂಗಿ ನಾಹೀದ. ನನಗ ಮಕ್ಕಳಿಲ್ಲಂತ ಉಡಿಯಾಗ ಹಾಕಿದ್ಲು. ಇನ್ನ ಎದಿಗೆ ಹಚ್ಚಬ್ಯಾಡ, ಹಚ್ಚಿದ್ರ ನಿನ್ನ ಮರೆಯಂಗಿಲ್ಲ ಅಂತ ನಾನ ಹೇಳಿದ್ದೆ. ಜೊಲ್ಲು ತಗಿಯಾಕ ಬಂದಾಗೆಲ್ಲಾ ಬಾಗಲಾ ಹಾಕ್ಕೊಂತಿದ್ಲು, ಆಗ ಎದಿಗೆ ಹಚ್ಕೊಂಡಿರಬೇಕು."

ಅರೆ, ಜೊಲ್ಲಿನ ಸಾಕ್ಷಿಯನ್ನು ಆರೋಪಿಯೇ ಕೈಯಾರೆ ತಂದುಕೊಟ್ಟಿದ್ದಳಲ್ಲ!

ನಾಹೀದ ಈ ಸಲ ಮುಚ್ಚಿಡಲಿಲ್ಲ. "ಎದಿ ಬತ್ತಾಕತ್ತಿತ್ರಿ. ಬಾಣಂತ್ಯಾರಿಗಷ್ಟ ಆ ನೀರು ಕೊಡೂದು ನೋಡಿ, ಹಾಲು ಬರೂ ಔಷಧ ಅಂದ್ಕೊಂಡೆ. ಹಾಲು ನಿಂತ್ರ ಆಕಿ ನನಗ ಬರೀ ಅಕ್ಕನ ಮಗಳು ಆಗ್ತಾಳ್ರಿ."

ಸಂಜೆ ಬಂಧನವಾಯಿತು. ಕೊಟ್ಟ ಮಾತನ್ನು ಹಿಂದಕ್ಕೆ ಪಡೆಯಲಾರದೆ, ಕೊಟ್ಟ ಮಗಳನ್ನು ಬಿಡಲೂ ಆರದೆ ಅವಳು ಕದ್ದಿದ್ದಳು. ಕೇಸು ಬಗೆಹರಿದ ಖುಷಿ ಮಹೇಶ್ವರಿಗೆ ಆಗಲೇ ಇಲ್ಲ.

ಜೀಪಿನ ಹತ್ತಿರ ಕಾದಿದ್ದ ಡಾಕ್ಟರ ಮುಂದೆ ನಾಹೀದ ನಿಂತಳು. "ಡಾಕ್ಟರ್ರ, ಎದಿ ಬರಿದಾಗೈತಿ, ಕೂಸು ಸುಮ್ನ ಚೀಪತೈತಿ ಅಂದ್ಕೊಂಡಿದ್ದೆ. ಖರೇನ ಹಾಲು ಹೋಗಿತ್ತೇನ್ರಿ?"

"ಹೋಗೈತವ್ವ. ಕಡೀ ಸಲದ ತನಕ."

ನಾಹೀದ ಸೆರಗಿನಿಂದ ಕಣ್ಣೊರೆಸಿಕೊಂಡು, ಯಾರೂ ಹೇಳುವ ಮೊದಲೇ ಜೀಪು ಹತ್ತಿ ಕೂತಳು.